ಕಾಲು ಚಮಚ ಪಾಚಿಪುಡಿ

ದೊಡ್ಡ ಡೈರಿಗಳಲ್ಲಿ ಕರು ಹುಟ್ಟಿದ ದಿನವೇ ಅದನ್ನು ತಾಯಿಯಿಂದ ಬಿಡಿಸಿ ಬೇರೆ ಕೋಣೆಗೆ ಹಾಕುತ್ತಾರೆ. ತಾಯಿಯ ಹಾಲು ಕ್ಯಾನಿಗೆ, ಕರು ಆ ಕೋಣೆಗೆ. ಕೇಳಿದರೆ ಕರುಳು ಚುರ್ರೆನ್ನುತ್ತದೆ, ನಿಜ, ಆದರೆ ಬೆಳಗಾದರೆ ನಮ್ಮ ನಿಮ್ಮ ಮನೆ ಬಾಗಿಲಿಗೆ ಹಾಲು ಬರುವುದು ಹಾಗೆಯೇ. ಈ ಕಥೆ ನಡೆದ ಡೈರಿಯಲ್ಲಿ ಆ ಕರುಗಳಿಗೆ ಹಾಲು ಕುಡಿಸುವ ಕೆಲಸ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಒಬ್ಬಳದೇ ಆಗಿತ್ತು. ಹೆತ್ತವರು ಇಟ್ಟ ಹೆಸರು ಅವಳಿಗೇ ಮರೆತುಹೋಗುವಷ್ಟು ಹಳೆಯದಾಗಿತ್ತು. ಡೈರಿಯಲ್ಲಿ, ಬಸ್ಸಿನಲ್ಲಿ, ಕೊನೆಗೆ ಅವಳಿದ್ದ ಓಣಿಯಲ್ಲೂ ಎಲ್ಲರ ಬಾಯಲ್ಲಿ ಅವಳು ಕರುವಮ್ಮ.

ಕೋಣೆ ಉದ್ದಕ್ಕೆ ಚಾಚಿಕೊಂಡಿತ್ತು. ಮೇಲೆ ತಗಡು, ಕೆಳಗೆ ಚರಂಡಿಯ ಕಡೆಗೆ ಇಳಿಜಾರಾದ ಸಿಮೆಂಟು ನೆಲ, ಎರಡೂ ಪಕ್ಕ ಕಬ್ಬಿಣದ ಪೈಪಿನ ಗೂಡುಗಳು, ಗೂಡಿಗೊಂದು ಕರು. ಹುಳಿತ ಹಾಲು, ಸುಣ್ಣ, ಒದ್ದೆ ಹುಲ್ಲು ಎಲ್ಲ ಸೇರಿದ ವಾಸನೆ ಹೊಸಬರ ಮೂಗಿಗೆ ಹೊಡೆಯುತ್ತಿತ್ತು. ಅವಳ ಬಟ್ಟೆಗೆ, ಕೂದಲಿಗೆ ಅದು ಎಂದೋ ಅಂಟಿಕೊಂಡುಬಿಟ್ಟಿತ್ತು.

ಆಗಷ್ಟೇ ಹುಟ್ಟಿದ ಕರುವಿಗೆ ಬಕೆಟ್ಟಿನಿಂದ ಕುಡಿಯಲು ಬರುವುದಿಲ್ಲ. ತಲೆ ಮೇಲೆತ್ತಿಕೊಂಡು ಗೋಡೆ, ಪೈಪು, ಪಕ್ಕದ ಕರುವಿನ ಕಿವಿ, ಸಿಕ್ಕಿದ್ದನ್ನೆಲ್ಲ ಚೀಪುತ್ತದೆ. ಕರುವಮ್ಮ ತನ್ನ ಎರಡು ಬೆರಳನ್ನು ಅದರ ಬಾಯಿಗಿಟ್ಟು, ಚೀಪಿಸುತ್ತ ಚೀಪಿಸುತ್ತ ಕೈಯನ್ನು ಮೆಲ್ಲಗೆ ಹಾಲಿನೊಳಗೆ ಇಳಿಸುವಳು. ಕರುವಿನ ಮೂತಿಯೂ ಹಿಂದೆಯೇ ಇಳಿಯುವುದು. ಒಂದಿಷ್ಟು ಹಾಲು ಗಂಟಲಿಗೆ ಹೋಯಿತೆಂದರೆ ಬೆರಳನ್ನು ಎಳೆದುಕೊಳ್ಳುವಳು, ಕರುವಿಗೆ ಗೊತ್ತೇ ಆಗುವುದಿಲ್ಲ. ಬಾಯಿ ಮಾತ್ರ ಬೈಗುಳದ ಬುಟ್ಟಿ. ನಿಮ್ಮಪ್ಪನ ಗಂಟೇನು ಹೋಗುತ್ತೋ, ಕುಡಿಯೋ ಮುಂಡೇದೇ, ಎಂದು ಒಂದೊಂದನ್ನೂ ಬೈದೇ ಕುಡಿಸುವಳು. ಮೇಸ್ತ್ರಿ ಇದನ್ನು ಕೇಳಿ, ಈ ಡೈರಿಯ ದನಗಳೆಲ್ಲ ಯಾಕೆ ಹೀಗೆ ಒದೆಯುತ್ತವೆ ಅಂತ ಈಗ ಗೊತ್ತಾಯಿತು, ಎಲ್ಲ ಇವಳ ಹತ್ತಿರ ಪಾಠ ಕಲಿತವು ಎನ್ನುತ್ತಿದ್ದ.

ಮಗಳು ಶಾಲೆಗೆ ಸೇರುವ ಮೊದಲೇ ಗಂಡ ತೀರಿಕೊಂಡಿದ್ದ. ಕರುವಮ್ಮ ಈ ಕೋಣೆಯ ದುಡಿಮೆಯಲ್ಲೇ ಮಗಳನ್ನು ಓದಿಸಿದಳು, ಮದುವೆ ಮಾಡಿದಳು. ಅಳಿಯ ದೂರದ ದಾರಿಗೆ ಲಾರಿ ಹೊಡೆಯುವವನು, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಹೆರಿಗೆಗೆ ಬಂದ ಮಗಳು ಮತ್ತೆ ಹೋಗಲಿಲ್ಲ, ತಾಯಿಯ ಎರಡು ಕೋಣೆಯ ಮನೆಯಲ್ಲೇ ಉಳಿದಳು. ಬಟ್ಟೆ ಹೊಲಿಯುವ ಕಾರ್ಖಾನೆಗೆ ಸೇರಿಕೊಂಡಳು. ಹಗಲು ಮಗುವನ್ನು ನೋಡಿಕೊಳ್ಳಲು ಪಕ್ಕದ ಮನೆಯ ಅಕ್ಕ ಇದ್ದಳು.

ಆ ಮಗು, ಪುಟ್ಟಿ, ಹುಟ್ಟುವಾಗಲೇ ಹಿಡಿಯಷ್ಟಿದ್ದಳು. ವರ್ಷವಾದರೂ ಮೈ ಹತ್ತಲಿಲ್ಲ. ತಿಂದದ್ದು ಎಲ್ಲಿ ಹೋಗುತ್ತಿತ್ತೋ ದೇವರೇ ಬಲ್ಲ. ಕಾಲು ಕಡ್ಡಿ, ಕುತ್ತಿಗೆ ಕಡ್ಡಿ, ಮುಖದ ತುಂಬ ಕಣ್ಣು ಮಾತ್ರ. ಡಾಕ್ಟರಿಗೆ ತೋರಿಸಿದರೆ ಟಾನಿಕ್ಕು ಬರೆದುಕೊಟ್ಟು, ನಿಧಾನವಾಗಿ ಆಗುತ್ತಾಳೆ ಬಿಡಿ ಎನ್ನುತ್ತಿದ್ದರು. ಕರುವಮ್ಮನಿಗೆ ನಿಧಾನ ಎಂಬ ಮಾತೇ ಆಗದು. ಅವಳ ಕೋಣೆಯಲ್ಲಿ ನಿಧಾನವಾದ ಕರು ಎಂದರೆ ಸತ್ತ ಕರು. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಪಕ್ಕೆಲುಬುಗಳನ್ನು ಬೆರಳಿನಿಂದ ಒಂದೊಂದಾಗಿ ಎಣಿಸುತ್ತಿದ್ದಳು.

ತಾಯಿ ಮಗಳಿಗೆ ಒಮ್ಮೆ ಇದೇ ವಿಚಾರಕ್ಕೆ ಜೋರು ಜಗಳವಾಗಿತ್ತು. ಪುಟ್ಟಿಗೆ ನೆಗಡಿಯಾಗಿ ಎದೆ ಗೊರಗೊರ ಅನ್ನುತ್ತಿದ್ದಾಗ ಕರುವಮ್ಮ ಡೈರಿಯಿಂದ ಕೆಚ್ಚಲಿಗೆ ಹಚ್ಚುವ ಮುಲಾಮು ತಂದು ಮಗುವಿನ ಎದೆಗೆ ತಿಕ್ಕಿದ್ದಳು. ಮನೆಗೆ ಬಂದ ಮಗಳಿಗೆ ವಾಸನೆ ಹೊಡೆಯಿತು. ಡಬ್ಬಿಯ ಮೇಲೆ ಹಸುವಿನ ಚಿತ್ರ ಬೇರೆ. ಆವತ್ತು ಮಗಳು ಹೇಳಿದ ಮಾತು ಕರುವಮ್ಮನ ಎದೆಯಲ್ಲಿ ಕೂತುಬಿಟ್ಟಿತು.

"ನನ್ನ ಮಗು ಕರು ಅಲ್ಲಮ್ಮ. ಇನ್ನೊಂದ್ಸಲ ಡೈರಿ ಸಾಮಾನು ಇವಳ ಮೈಗೆ ತಾಗಿದ್ರೆ, ನಾನು ಇವಳನ್ನ ಕಟ್ಕೊಂಡು ಅತ್ತೆ ಮನೆಗೆ ಹೋಗ್ತೀನಿ. ಆಮೇಲೆ ನೀನುಂಟು, ನಿನ್ನ ಕರುಗಳುಂಟು."

ಹೋಗುವವಳೇ ಅವಳು, ಹಟದಲ್ಲಿ ತಾಯಿಗೆ ಒಂದು ಕೈ ಮೇಲು. ಕರುವಮ್ಮ ಮುಲಾಮನ್ನು ವಾಪಸ್ಸು ಕೊಂಡೊಯ್ದು ಇಟ್ಟಳು.

ಡೈರಿಗೆ ಪಾಚಿಪುಡಿ ಬಂದದ್ದು ಇದಾದ ಮೇಲೆ. ಅಲ್ಲಿಯವರೆಗೆ ಪಾಚಿ ಎಂದರೆ ಬಚ್ಚಲಲ್ಲಿ ಕಾಲು ಜಾರಿಸುವ ವಸ್ತು ಎಂದಷ್ಟೇ ಅವಳಿಗೆ ಗೊತ್ತಿದ್ದದ್ದು. ಕಂಪನಿಯಿಂದ ಬಂದ ಮನುಷ್ಯ, ಇದು ಮುಚ್ಚಿದ ತೊಟ್ಟಿಯಲ್ಲಿ ಬೆಳೆಸಿ ಒಣಗಿಸಿದ ಪಾಚಿ, ಹಾಲಿಗೆ ಕದಡಿ ಕೊಟ್ಟರೆ ಕರುಗಳು ಗಟ್ಟಿಯಾಗುತ್ತವೆ ಎಂದು ಹೇಳಿಹೋದ. ಲೆಕ್ಕ ಸುಲಭ. ನಲವತ್ತು ಕೆ.ಜಿ. ತೂಗುವ ಕರುವಿಗೆ ದಿನಕ್ಕೆ ಒಂದು ಚಮಚ. ಕರುವಮ್ಮ ಮೂಗು ಮುರಿದಳು. ಹಾಲಿನಂಥ ಹಾಲಿಗೆ ಚರಂಡಿಯ ಬಣ್ಣ ಹಾಕಿ ಕುಡಿಸಬೇಕೇ ಎಂದು ಎರಡು ದಿನ ಮೇಸ್ತ್ರಿಯ ತಲೆ ತಿಂದಳು.

ಆದರೆ ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನುವುದು ಹೇಗೆ? ಎದ್ದು ನಿಲ್ಲಲಾರದೆ ಮೂಲೆಯಲ್ಲಿ ಮಲಗಿರುತ್ತಿದ್ದ ಒಂದು ಬಡಕಲು ಕರು, ಅವಳೇ ಕೈಬಿಟ್ಟಿದ್ದ ಕರು, ತಿಂಗಳೊಳಗೆ ಗೂಡಿನ ಪೈಪಿಗೆ ಗುದ್ದಿ ಗುದ್ದಿ ಹಾಲು ಕೇಳತೊಡಗಿತು. ಒರಟು ಕೂದಲು ಉದುರಿ ಮೈ ಮಿರಿಮಿರಿ ಮಿಂಚಿತು. ಭೇದಿಯಾಗುವ ಕರುಗಳು ಕಡಿಮೆಯಾದವು. ಕರುವಮ್ಮ ತನ್ನ ಮಾತನ್ನು ತಾನೇ ನುಂಗಿಕೊಂಡು, ಪಾಚಿಪುಡಿಯ ಗುಣಗಾನಕ್ಕೆ ಶುರುವಿಟ್ಟಳು. ಬಸ್ಸಿನ ಕಂಡಕ್ಟರಿಗೂ ಅದರ ಮಹಿಮೆ ಹೇಳಿದಳು.

ಆಮೇಲಿನದನ್ನು ಯಾರಾದರೂ ಊಹಿಸಬಹುದು. ಮೂಲೆಯ ಕರು ಎದ್ದು ನಿಂತದ್ದನ್ನು ನೋಡಿದ ಕಣ್ಣಿಗೆ ಮನೆಗೆ ಬಂದರೆ ಪುಟ್ಟಿಯ ಕಡ್ಡಿಕಾಲು ಕಾಣುತ್ತಿತ್ತು. ಮಗುವಿನ ತೂಕ ಹತ್ತು ಕೆ.ಜಿ.ಯೂ ಇರಲಿಲ್ಲ. ನಲವತ್ತಕ್ಕೆ ಒಂದು ಚಮಚವಾದರೆ ಹತ್ತಕ್ಕೆ ಕಾಲು ಚಮಚ. ಅವಳಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಕರುವೂ ಹಾಲು ಕುಡಿಯುವ ಕೂಸು, ಇದೂ ಕೂಸು. ಮನೆಯಲ್ಲಿ ಮಗುವಿನ ಗಂಜಿಗೆ ಕಾಳುಗಳನ್ನು ಹುರಿದು ಬೀಸಿದ ಹಿಟ್ಟಿನ ಡಬ್ಬವಿತ್ತು. ಹುರಿದು ಬೀಸುವ ಕೆಲಸ ಅವಳದೇ. ದಿನಕ್ಕೆ ಕಾಲು ಚಮಚ ಬರುವ ಅಂದಾಜಿನಲ್ಲಿ ಒಂದು ಹಿಡಿ ಪುಡಿಯನ್ನು ಕಾಗದದಲ್ಲಿ ಸುತ್ತಿ ತಂದು ಹಿಟ್ಟಿಗೆ ಕಲಸಿಟ್ಟಳು. ಹೆಸರುಕಾಳಿನ ಹಸಿರಿನಲ್ಲಿ ಪಾಚಿಯ ಹಸಿರು ಕರಗಿಹೋಯಿತು. ಮಗಳಿಗೆ ಹೇಳಲಿಲ್ಲ. ಹೇಳಿದ್ದರೆ ಮನೆ ರಣರಂಗವಾಗುತ್ತಿತ್ತು.

ಪುಟ್ಟಿಗೆ ಮೈ ಹತ್ತಿತು. ಪಾಚಿಯಿಂದಲೋ, ಆ ವಯಸ್ಸಿಗೆ ತಾನಾಗಿಯೇ ಹತ್ತಿತೋ, ಹೇಳುವವರು ಯಾರು? ಕೆನ್ನೆ ತುಂಬಿತು, ಓಣಿಯ ತುಂಬ ಓಡಾಡಿದಳು, ಪಕ್ಕದ ಮನೆಯ ಅಕ್ಕನ ಬೆಕ್ಕಿನ ಬಾಲ ಹಿಡಿದು ಎಳೆದು ಪರಚಿಸಿಕೊಂಡಳು. ಗಂಜಿ ಅಂದರೆ ಬಾಯಿ ತೆರೆದುಕೊಂಡು ಬರುವಳು. ಮಗಳು ಅದನ್ನು ಕಂಡು, ನಿನ್ನ ಕೈಯಲ್ಲಿ ಹುರಿದ ಹಿಟ್ಟಿನಲ್ಲಿ ಏನೋ ಇದೆ ಅಮ್ಮ ಎಂದು ನಕ್ಕಳು. ಕರುವಮ್ಮನಿಗೆ ಹಿಗ್ಗೋ ಹಿಗ್ಗು. ಬಾಯಿಯ ತುದಿಗೆ ಬಂದ ಗುಟ್ಟನ್ನು ಕಷ್ಟಪಟ್ಟು ತಡೆದುಕೊಂಡಳು. ಹೀಗೆ ಆರೇಳು ತಿಂಗಳು ನಡೆಯಿತು, ಅವಳ ಬಾಳಿನಲ್ಲಿ ಅಷ್ಟು ಸುಖದ ದಿನಗಳು ಬೇರೆ ಇರಲಿಲ್ಲ.

ಅಷ್ಟರಲ್ಲಿ ಡೈರಿಯ ಯಜಮಾನರು ಪುಡಿ ತರಿಸುವ ಜಾಗ ಬದಲಾಯಿಸಿದರು. ಹೊಸ ಪುಡಿ ಅಗ್ಗ. ಮುಚ್ಚಿದ ತೊಟ್ಟಿಯದಲ್ಲ, ಎಲ್ಲೋ ತೆರೆದ ಹೊಂಡದಲ್ಲಿ ಬೆಳೆದದ್ದು ಎಂದು ಆಮೇಲೆ ತಿಳಿಯಿತು. ಚೀಲ ಬಿಚ್ಚಿದಾಗ ಕರುವಮ್ಮನಿಗೆ ವಾಸನೆ ಬೇರೆ ಅನ್ನಿಸಿತು, ನಿಂತ ನೀರಿನ ಮುಗ್ಗಲು ವಾಸನೆ. ಹಾಲಿಗೆ ಕದಡಿದರೆ ಬಕೆಟ್ಟಿನ ಅಂಚಿಗೆ ನೀಲಿ ಛಾಯೆ ಕಟ್ಟಿತು. ಬಣ್ಣ ಇಷ್ಟು ಬಿಡುತ್ತದೆಂದರೆ ಸತ್ವವೂ ಹೆಚ್ಚೇ ಇರಬೇಕು ಎಂದುಕೊಂಡಳು. ಆ ಕೋಣೆಯಲ್ಲಿ ಎಲ್ಲರೂ ಹಾಗೇ ಅಂದುಕೊಳ್ಳುವವರು. ಹಾಲಾದರೂ ಅಷ್ಟೇ, ಮೇವಾದರೂ ಅಷ್ಟೇ, ಬಣ್ಣ ಗಾಢವಾದಷ್ಟೂ ಸತ್ವ ಜಾಸ್ತಿ. ಮನೆಯ ಹಿಟ್ಟು ಮುಗಿಯುತ್ತ ಬಂದಿತ್ತು. ಹೊಸದು ಹುರಿದು ಬೀಸಿ, ಹೊಸ ಚೀಲದ ಪುಡಿಯನ್ನೇ ಕಲಸಿಟ್ಟಳು.

ಹತ್ತು ಹನ್ನೆರಡು ದಿನವಾಗಿರಬಹುದು. ಒಂದು ಬೆಳಿಗ್ಗೆ ಬಾಗಿಲ ಹತ್ತಿರದ ಗೂಡಿನ ಕರು ಬೆರಳು ಕೊಟ್ಟರೂ ಚೀಪಲಿಲ್ಲ. ಹಲ್ಲು ಕಟಕಟ ಕಡಿಯುತ್ತ ತಲೆಯನ್ನು ಪಕ್ಕೆಗೆ ತಿರುಗಿಸಿಕೊಂಡು ಬಿದ್ದಿತ್ತು. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರೆ ಬಿಳಿ ಇರಬೇಕಾದ ಕಡೆ ಹಳದಿ. ಮಾರನೆಯ ದಿನ ಅದು ಸತ್ತಿತು, ಇನ್ನೆರಡು ಮಲಗಿದವು. ದನದ ಡಾಕ್ಟರು ಬಂದು ಸತ್ತ ಕರುವನ್ನು ಹಿಂದಿನ ಕಟ್ಟೆಯ ಮೇಲೆ ಕೊಯ್ದು ನೋಡಿದರು. ಲಿವರ್ ಊದಿಕೊಂಡು ರಕ್ತ ಕಟ್ಟಿ ಕಪ್ಪಾಗಿತ್ತು. ಏನು ತಿಂದಿವೆ, ಏನು ಬದಲಾಗಿದೆ ಎಂದು ಕೇಳುತ್ತ ಕೇಳುತ್ತ ಪುಡಿಯ ಚೀಲದ ಹತ್ತಿರ ಬಂದು ನಿಂತರು. ಒಂದು ಚಿಟಿಕೆ ತೆಗೆದು ಮೂಸಿದರು.

"ಇದನ್ನ ಈಗಲೇ ನಿಲ್ಸಿ. ಪಾಚೀಲಿ ವಿಷದ ಜಾತೀನೂ ಇರುತ್ತೆ. ತೆರೆದ ನೀರಲ್ಲಿ ಬೆಳೆಸಿದ್ರೆ ಅದೂ ಸೇರ್ಕೊಳ್ಳುತ್ತೆ. ಸೀದಾ ಲಿವರಿಗೆ ಹೊಡೆಯುತ್ತೆ."

ಪರೀಕ್ಷೆಗೆ ಕಳಿಸಿದ ಮೇಲೆಯೇ ಖಾತ್ರಿ ಎಂದೂ ಹೇಳಿದರು. ಆದರೆ ಕರುವಮ್ಮನ ಕಿವಿಗೆ ಅದು ಬೀಳಲಿಲ್ಲ. ಅವಳ ಕಣ್ಣ ಮುಂದೆ ಮನೆಯ ಹಿಟ್ಟಿನ ಡಬ್ಬ ಬಂದು ನಿಂತಿತ್ತು. ಹೊಟ್ಟೆನೋವು ಎಂದು ಹೇಳಿ ಅರ್ಧ ದಿನಕ್ಕೇ ಮನೆಗೆ ಓಡಿದಳು.

ಮನೆಯಲ್ಲಿ ಯಾರೂ ಇರಲಿಲ್ಲ. ಹಿಟ್ಟಿನ ಡಬ್ಬವನ್ನು ಬಚ್ಚಲಿಗೆ ಸುರಿದು ನೀರು ಹೊಯ್ದಳು. ಡಬ್ಬವನ್ನು ಸೋಪು ಹಾಕಿ ಮೂರು ಸಲ ಉಜ್ಜಿದಳು, ಬಟ್ಟೆಯಿಂದ ಒರೆಸಿದಳು. ಕಾಳು ಹುರಿದು, ಬಿಸಿ ಆರುವ ಮೊದಲೇ ಅಂಗಡಿಯ ಗಿರಣಿಗೆ ಕೊಂಡೊಯ್ದು ಬೀಸಿಸಿ, ಮೊದಲು ಎಷ್ಟಿತ್ತೋ ಅಷ್ಟೇ ತುಂಬಿಟ್ಟಳು. ಆಮೇಲೆ ಪಕ್ಕದ ಮನೆಗೆ ಹೋಗಿ ಪುಟ್ಟಿಯನ್ನು ಎತ್ತಿಕೊಂಡು ಬಂದು ಕಿಟಕಿಯ ಬೆಳಕಿನಲ್ಲಿ ಅವಳ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದಳು. ಬಿಳಿಯಾಗಿಯೇ ಇತ್ತು. ಮಗು ಕಿರಿಕಿರಿಯಿಂದ ಅತ್ತಿತು. ಎರಡು ದಿನದಿಂದ ಸರಿಯಾಗಿ ತಿನ್ನುತ್ತಿಲ್ಲ, ಹಲ್ಲು ಬರುತ್ತಿರಬೇಕು ಎಂದು ಪಕ್ಕದ ಮನೆಯ ಅಕ್ಕ ಹೇಳಿದ್ದಳು. ಕರುವಮ್ಮ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಹಲ್ಲು. ಹಲ್ಲೇ ಇರಬೇಕು.

ಆವತ್ತು ಸಂಜೆ ಮಗಳು ಮನೆಗೆ ಬಂದಾಗ ಹೇಳಬಹುದಿತ್ತು. ಹೇಳಬೇಕಿತ್ತು. ಇದನ್ನು ಬರೆಯುವಾಗಲೂ ಅವಳ ಭುಜ ಹಿಡಿದು ಅಲ್ಲಾಡಿಸಬೇಕು ಅನ್ನಿಸುತ್ತದೆ. ಆದರೆ ಅವಳ ಲೆಕ್ಕ ಬೇರೆ. ಡಬ್ಬ ಖಾಲಿ ಮಾಡಿಯಾಯಿತು, ಇನ್ನು ಒಂದು ಚೂರೂ ಮಗುವಿನ ಹೊಟ್ಟೆಗೆ ಹೋಗುವುದಿಲ್ಲ, ಕಣ್ಣು ಬಿಳಿಯಾಗಿದೆ. ಹೇಳಿದರೆ ಮಗಳು ಮಗುವನ್ನು ಎತ್ತಿಕೊಂಡು ಹೋಗುತ್ತಾಳೆ, ಇನ್ನೆಂದೂ ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಆಗಿದ್ದು ಆಗಿಹೋಯಿತು, ಈಗ ಬಾಯಿಬಿಟ್ಟು ಏನು ಪ್ರಯೋಜನ? ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಬಾಯಿಗೆ ಬೀಗ ಹಾಕಿಕೊಂಡಳು.

ಮಾರನೆಯ ದಿನ ಪುಟ್ಟಿ ಬೆಳಿಗ್ಗೆಯಿಂದ ವಾಂತಿ ಮಾಡಿಕೊಂಡಳು. ಮಗಳು ಕಾರ್ಖಾನೆಗೆ ರಜೆ ಹೇಳಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು, ಕರುವಮ್ಮನೂ ಜೊತೆಗೆ ಹೋದಳು. ಮಗು ಸುಸ್ತಾಗಿದೆ, ಎರಡು ದಿನ ಇರಲಿ ಎಂದು ಮಕ್ಕಳ ವಾರ್ಡಿಗೆ ಸೇರಿಸಿಕೊಂಡರು. ಹಸಿರು ಪರದೆಯ ಆಚೆ ಈಚೆ ಮಂಚಗಳು, ಪ್ರತಿ ಮಂಚಕ್ಕೂ ಒಬ್ಬ ತಾಯಿ, ಒಂದು ಫ್ಲಾಸ್ಕು, ಒಂದು ಬಕೆಟ್ಟು. ಡಾಕ್ಟರಮ್ಮ ಬಂದು ಹೊಟ್ಟೆ ಒತ್ತಿ ನೋಡಿ, ಮಗುವಿಗೆ ಏನು ಕೊಟ್ಟಿದ್ದಿರಿ, ಹೊರಗಿನದೇನಾದರೂ, ನಾಟಿ ಔಷಧಿ ಏನಾದರೂ ಎಂದು ಕೇಳಿದರು. ಏನೂ ಇಲ್ಲ ಡಾಕ್ಟ್ರೇ, ಮನೆಯಲ್ಲಿ ಮಾಡಿದ ಗಂಜಿ, ಹಾಲು, ಅಷ್ಟೇ ಎಂದಳು ಮಗಳು. ಡಾಕ್ಟರಮ್ಮ ಅಜ್ಜಿಯ ಕಡೆಗೂ ನೋಡಿದರು. ಕರುವಮ್ಮ ಏನೂ ಇಲ್ಲವೆಂದು ತಲೆಯಾಡಿಸಿದಳು.

ಅದರ ಮರುದಿನ ಅವಳು ಡೈರಿಗೆ ಹೋಗಲೇಬೇಕಾಯಿತು. ಮಲಗಿದ್ದ ಕರುಗಳಲ್ಲಿ ಒಂದು ಸತ್ತಿತ್ತು. ಪುಡಿ ನಿಲ್ಲಿಸಿದ ಮೇಲೆ ಇನ್ನೊಂದು ತಲೆ ಎತ್ತಿ ಬೆರಳು ಚೀಪಿತು. ಅದನ್ನು ನೋಡಿ ಅವಳಿಗೆ ಹೋದ ಜೀವ ಬಂದಂತಾಯಿತು. ನಿಲ್ಲಿಸಿದರೆ ಬದುಕುತ್ತವೆ, ಹಾಗಾದರೆ ಪುಟ್ಟಿಯೂ ಬದುಕುತ್ತಾಳೆ. ಮಧ್ಯಾಹ್ನ ಬಸ್ಸು ಹಿಡಿದು ಆಸ್ಪತ್ರೆಗೆ ಬಂದಳು. ಬರುವಾಗ ಮೊಮ್ಮಗಳಿಗೆಂದು ಕೀಲಿ ಕೊಟ್ಟರೆ ಕುಣಿಯುವ ಪ್ಲಾಸ್ಟಿಕ್ ಕೋಳಿಯೊಂದನ್ನು ಕೊಂಡು ತಂದಳು.

ವಾರ್ಡಿನ ಬಾಗಿಲಿನಿಂದಲೇ ಕಂಡಿತು. ಮಗಳು ಮಂಚದ ಮೇಲೆ ಪುಟ್ಟಿಯನ್ನು ತೊಡೆಯಲ್ಲಿ ಕೂರಿಸಿಕೊಂಡು ಗಂಜಿ ತಿನ್ನಿಸುತ್ತಿದ್ದಳು. ಪಕ್ಕದ ಸ್ಟೂಲಿನ ಮೇಲೆ ಒಂದು ಸಣ್ಣ ಸ್ಟೀಲು ಡಬ್ಬಿ ಬಾಯಿ ತೆರೆದುಕೊಂಡಿತ್ತು. ಕರುವಮ್ಮ ಆ ಡಬ್ಬಿಯನ್ನು ಮನೆಯಲ್ಲಿ ಎಂದೂ ನೋಡಿರಲಿಲ್ಲ. ಲೋಟದ ಅಂಚಿನಲ್ಲಿ ಗಂಜಿ ಒಣಗಿದ ಕಡೆ ನೀಲಿ ಛಾಯೆ ಕಟ್ಟಿತ್ತು. ಮಗು ಬೇಡವೆಂದು ಮುಖ ಆಚೆ ತಿರುಗಿಸುತ್ತಿತ್ತು. ಮಗಳು ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿ ಇನ್ನೊಂದು ಚಮಚ ಬಾಯಿಗಿಟ್ಟಳು.

ಕರುವಮ್ಮ ಓಡಿಹೋಗಿ ಲೋಟಕ್ಕೆ ಹೊಡೆದಳು. ಅದು ಆಚೆಯ ಮಂಚದ ಕೆಳಗೆ ಉರುಳಿಹೋಯಿತು. ವಾರ್ಡಿನ ತಾಯಂದಿರೆಲ್ಲ ತಿರುಗಿ ನೋಡಿದರು.

"ಯಾವ ಹಿಟ್ಟೇ ಅದು?"

"ನಮ್ಮದೇ ಹಿಟ್ಟು. ಹಗಲು ಇವಳಿಗೆ ಗಂಜಿ ಮಾಡೋಕೆ ಬೇಕು ಅಂದ್ಲು ಅಂತ ಹೋದ ವಾರ ಪಕ್ಕದ ಮನೆ ಅಕ್ಕನ ಡಬ್ಬೀಗೆ ತುಂಬಿಸಿ ಕೊಟ್ಟಿದ್ದೆ. ನಿನ್ನೆ ಇಲ್ಲಿಗೆ ತಂದ್ಕೊಟ್ಲು. ಯಾಕಮ್ಮ, ಏನಾಯ್ತು ನಿಂಗೆ?"

"ಅದ್ರಲ್ಲಿ ಕರುಗಳಿಗೆ ಹಾಕೋ ಪುಡಿ ಇದೆ. ನಾನೇ ಬೆರೆಸಿದ್ದು. ಅದನ್ನ ಕುಡಿದ ಕರುಗಳು ಸಾಯ್ತಿವೆ ಕಣೇ."

ಮಗಳು ಮಗುವನ್ನು ಹೆಗಲಿಗೆ ಹಾಕಿಕೊಂಡು, ಡಬ್ಬಿಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಡಾಕ್ಟರಮ್ಮನ ಕೋಣೆಗೆ ಓಡಿದಳು.

ಆಮೇಲೆ ಎಲ್ಲ ಗಡಿಬಿಡಿ. ಪುಟ್ಟಿಯನ್ನು ಗಾಜಿನ ಬಾಗಿಲಿನ ಕೋಣೆಗೆ ಸಾಗಿಸಿದರು. ರಕ್ತ ತೆಗೆದರು, ಏನೇನೋ ಹಾಕಿದರು. ಡಾಕ್ಟರಮ್ಮ ಕರುವಮ್ಮನನ್ನು ಕರೆದು ಯಾವ ಪುಡಿ, ಎಷ್ಟು, ಎಂದಿನಿಂದ ಎಂದೆಲ್ಲ ಕೇಳಿ ತಿಳಿದುಕೊಂಡರು. ದನದ ಡಾಕ್ಟರಿಗೂ ಫೋನು ಮಾಡಿದರು. ಫೋನಿಟ್ಟ ಮೇಲೆ, ಬಂದ ದಿನವೇ ಇದನ್ನು ಹೇಳಿದ್ದಿದ್ದರೆ ಎಂದು ಶುರುಮಾಡಿ, ಅವಳ ಮುಖ ನೋಡಿ ಮಾತನ್ನು ಅಲ್ಲಿಗೇ ಬಿಟ್ಟರು. ಸಂಜೆಯ ಹೊತ್ತಿಗೆ ಪುಟ್ಟಿಯ ಕಣ್ಣು ಹಳದಿಯಾಗಿತ್ತು. ಮೂರನೆಯ ದಿನ ಮಧ್ಯಾಹ್ನ ಮಗು ಹೋಯಿತು.

ಅಳಿಯ ಬಂದ. ಸಿಟ್ಟಿನಿಂದ ಅತ್ತೆಯ ಮೇಲೆ ಕೈ ಎತ್ತಲು ಹೋದವನನ್ನು ಮಗಳೇ ತಡೆದಳು. ಬಂದು ಹೋಗುವವರೆಲ್ಲ ಕರುವಮ್ಮನ ಮುಂದೆ, ನಿನ್ನ ತಪ್ಪೇನಿದೆ, ಆ ಹಾಳು ಚೀಲದ್ದು ತಪ್ಪು ಎಂದರು. ಹಿಂದಿನಿಂದ ಬೇರೆ ಮಾತಾಡಿದರು, ಅದೂ ಅವಳ ಕಿವಿಗೆ ಬಿತ್ತು. ಓಣಿಯಲ್ಲಿ ಯಾರು ಏನು ಅಂದರೂ ಮಗಳು ಮಾತ್ರ, ಅಮ್ಮ ಮಗುವಿಗೆ ಒಳ್ಳೆಯದಾಗಲಿ ಅಂತ ಮಾಡಿದ್ದು ಎಂದೇ ಹೇಳಿದಳು. ತಾಯಿಗೆ ಊಟ ಬಡಿಸಿದಳು. ಉಣ್ಣದಿದ್ದಾಗ ಗದರಿದಳು. ಅದನ್ನು ನೋಡಿ ಕರುವಮ್ಮನಿಗೆ ಒಳಗೊಳಗೇ ಒಂದು ಆಸೆ ಹುಟ್ಟಿತ್ತು, ಮಗಳಾದರೂ ಉಳಿದಳು ಎಂದು.

ಡೈರಿಯಲ್ಲಿ ಅವಳನ್ನು ಯಾರೂ ಬಿಡಿಸಲಿಲ್ಲ. ಕೋಣೆಗೆ ಹೋಗಲಾರೆ ಎಂದು ಅವಳೇ ಹೇಳಿ ಕ್ಯಾನು ತೊಳೆಯುವ ಕಡೆ ಹಾಕಿಸಿಕೊಂಡಳು. ಈಗಲೂ ಅಲ್ಲೇ ಇದ್ದಾಳೆ. ಬಿಸಿನೀರಿನ ಹಬೆಯಲ್ಲಿ ನಿಂತು ಉದ್ದ ಬ್ರಷ್ಷಿನಿಂದ ಕ್ಯಾನಿನ ತಳ ಉಜ್ಜುತ್ತಾಳೆ. ಬೈಗುಳ ನಿಂತುಹೋಗಿದೆ. ಹೊಸದಾಗಿ ಸೇರಿದವರಿಗೆ ಅವಳನ್ನು ಯಾಕೆ ಕರುವಮ್ಮ ಅನ್ನುತ್ತಾರೆಂದು ಗೊತ್ತಿಲ್ಲ.

ಅಳಿಯ ಬಾಡಿಗೆ ಮನೆ ಹುಡುಕಿದ ಮೇಲೆ ಮಗಳು ಹೊರಟಳು. ಆವತ್ತು ಬೆಳಿಗ್ಗೆ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದವಳ ಎದುರು ಕರುವಮ್ಮ ಗೋಡೆಗೊರಗಿ ಕೂತಿದ್ದಳು. ಹೋಗಬೇಡ ಎನ್ನುವ ಧೈರ್ಯ ಅವಳಿಗಿರಲಿಲ್ಲ. ಆವಾಗಾವಾಗ ಬಂದು ಹೋಗುತ್ತೀಯಲ್ಲ ಎಂದು ಮೆಲ್ಲಗೆ ಕೇಳಿದಳು. ಮಗಳು ಮಡಿಸುವುದನ್ನು ನಿಲ್ಲಿಸಿದಳು.

"ಪುಡಿ ಹಾಕಿದ್ದಕ್ಕೆ ನಂಗೆ ಸಿಟ್ಟಿಲ್ಲಮ್ಮ. ಗೊತ್ತಾದ ಮೇಲೂ ಸುಮ್ನಿದ್ಯಲ್ಲ."

"ಡಬ್ಬ ತೊಳೆದಿಟ್ಟಿದ್ದೆ ಕಣೇ. ಇನ್ನೊಂದು ಡಬ್ಬಿ ಇತ್ತು ಅಂತ ನಂಗೇನು ಗೊತ್ತು?"

"ನಂಗೆ ಗೊತ್ತಿತ್ತು. ನೀನು ಒಂದು ಮಾತು ಹೇಳಿದ್ರೆ ಸಾಕಿತ್ತು." ಮಗಳ ಧ್ವನಿ ಏರಲಿಲ್ಲ. "ಅವಳು ಬೇಡ ಬೇಡ ಅಂತ ಮುಖ ತಿರುಗಿಸ್ತಿದ್ಲು. ನಾನೇ ಗದರ್ಸಿ ಗದರ್ಸಿ ತಿನ್ನಿಸ್ದೆ."

ಮಗಳು ಉಳಿದ ಬಟ್ಟೆಗಳನ್ನು ಚೀಲಕ್ಕೆ ತುರುಕಿ ಜಿಪ್ಪು ಎಳೆದಳು. ಹೊರಗೆ ಆಟೋದವನು ಹಾರ್ನು ಮಾಡುತ್ತಿದ್ದ.